ಕಾಲಯಾನದ ಕಥೆಗಳು: ಯಾವುದು ಮೊದಲು, ಯಾವುದು ಆಮೇಲೆ

ಕೇಳಿದ್ದು:
ಟೈಮ್ ಟ್ರಾವೆಲ್ ಕಥೆಗಳಲ್ಲಿ ನಿಮಗೆ ಅಚ್ಚುಮೆಚ್ಚಿನವು ಯಾವುವು? ಸಿನಿಮಾ, ಪುಸ್ತಕ, ಸರಣಿ ಯಾವುದಾದರೂ ಸರಿ. 'ಬ್ಯಾಕ್ ಟು ದ ಫ್ಯೂಚರ್' ಮೂರೂ ಭಾಗ ನೋಡಿ ಆಗಿದೆ, ಹಿಡಿಸಿತು. 'ಪ್ರೈಮರ್' ತಲೆಗೆ ಹತ್ತದೆ ಅರ್ಧಕ್ಕೇ ನಿಂತಿದೆ. 'ಡಾರ್ಕ್' ಸರಣಿಯಲ್ಲಿ ಯಾರು ಯಾರ ಮಗ ಅಂತಲೇ ಗೊತ್ತಾಗಲಿಲ್ಲ. ಕೊನೆಯ ಗುಟ್ಟು ಬಿಟ್ಟುಕೊಡದೆ, ಯಾವ ಕ್ರಮದಲ್ಲಿ ಹೋಗಬೇಕು ಹೇಳಿದರೆ ಉಪಕಾರವಾಗುತ್ತದೆ.

* * *

ಪಟ್ಟಿಗಿಂತ ಮುಂಚೆ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಈ ಕಥೆಯಲ್ಲಿ ಹಿಂದೆ ನಡೆದದ್ದು ಬದಲಾಗುತ್ತದೋ ಇಲ್ಲವೋ? ಮೊದಲ ಅರ್ಧ ಗಂಟೆಯಲ್ಲಿ ಇದಕ್ಕೆ ಉತ್ತರ ಹುಡುಕಿಕೊಂಡರೆ ಮುಕ್ಕಾಲು ಪಾಲು ಗೊಂದಲ ಕಳೆಯುತ್ತದೆ. ಜನ ಸೋಲುವುದು ಕಥೆ ಕಷ್ಟ ಅಂತಲ್ಲ, ಒಂದು ಕಥೆಯ ನಿಯಮವನ್ನು ಇನ್ನೊಂದಕ್ಕೆ ಹಚ್ಚಿ ನೋಡುವುದರಿಂದ. 'ಬ್ಯಾಕ್ ಟು ದ ಫ್ಯೂಚರ್'ನಲ್ಲಿ 1955ಕ್ಕೆ ಹೋದವನು ಒಂದು ಎಡವಟ್ಟು ಮಾಡಿದರೆ ಜೇಬಿನ ಫೋಟೋದಿಂದ ಅಣ್ಣ, ಅಕ್ಕ ಒಬ್ಬೊಬ್ಬರಾಗಿ ಅಳಿಸಿಹೋಗುತ್ತಾರೆ. ಅಲ್ಲಿ ಎಲ್ಲವೂ ಬದಲಾಗುತ್ತದೆ. (ಅಳಿಸುವುದಾದರೆ ಒಟ್ಟಿಗೇ ಅಳಿಸಬೇಕಿತ್ತಲ್ಲ, ಕಂತಿನಲ್ಲಿ ಯಾಕೆ ಅಂತ ಕೇಳಬೇಡಿ. ತಮಾಷೆಗೆ ಅದು ಬೇಕು, ಅಷ್ಟೇ.) ಅದೇ ಲೆಕ್ಕ ಇಟ್ಟುಕೊಂಡು, ರೋಗವೊಂದರ ಜಾಡು ಹಿಡಿಯಲು ಒಬ್ಬನನ್ನು ಹಿಂದಕ್ಕೆ ಕಳಿಸುವ '12 ಮಂಕೀಸ್' ಸಿನಿಮಾಕ್ಕೆ ಕೂತರೆ 'ಇವನು ಯಾಕೆ ರೋಗ ತಡೆಯುತ್ತಿಲ್ಲ' ಅಂತ ಕೊನೆಯವರೆಗೂ ಗೊಣಗಬೇಕಾಗುತ್ತದೆ. ಅವನನ್ನು ಕಳಿಸಿದ್ದೇ ತಡೆಯುವುದಕ್ಕಲ್ಲ, ಮೂಲ ವೈರಸ್ಸಿನ ಸುಳಿವು ತರುವುದಕ್ಕೆ. ಅಲ್ಲಿ ಆದದ್ದು ಆಗಿಹೋಗಿದೆ. ಹಿಂದಕ್ಕೆ ಹೋದವನ ಓಡಾಟವೂ ಆ 'ಆದದ್ದರ' ಒಳಗೇ ಇದೆ.

ಈ ಎರಡನೇ ಬಗೆ ನಿಮಗೆ ಹೊಸದು ಅನ್ನಿಸುತ್ತದೆ. ಅದನ್ನು ಕಲಿಯಲು 2004ರ ಮೂರನೇ ಹ್ಯಾರಿ ಪಾಟರ್ ಸಿನಿಮಾಕ್ಕಿಂತ ಸುಲಭದ ಪಾಠ ಇಲ್ಲ. ಹ್ಯಾಗ್ರಿಡ್‌ನ ಗುಡಿಸಲಿನಲ್ಲಿ ಎಲ್ಲಿಂದಲೋ ಒಂದು ಕಲ್ಲು ತೂರಿ ಬಂದು ಜಾಡಿ ಒಡೆಯುತ್ತದೆ, ಇನ್ನೊಂದು ಹ್ಯಾರಿಯ ತಲೆಯ ಹಿಂಭಾಗಕ್ಕೆ ತಾಗುತ್ತದೆ. ನೋಡುವವರು ಅದನ್ನು ಅಲ್ಲೇ ಮರೆಯುತ್ತಾರೆ. ಮೂರು ಗಂಟೆ ಹಿಂದಕ್ಕೆ ಬಂದ ಮೇಲೆ ಕಲ್ಲು ಎಸೆದದ್ದು ಯಾರು ಅಂತ ಗೊತ್ತಾಗುತ್ತದೆ. ಮೊದಲನೇ ಸಲ ನಡೆದದ್ದು, ಎರಡನೇ ಸಲ ನಡೆದದ್ದು ಅಂತ ಎರಡು ಇಲ್ಲ. ಒಂದೇ ಸಂಜೆ, ಎರಡು ಕಡೆಯಿಂದ ಕಂಡಿದೆ. ಇದು ತಲೆಗೆ ಹತ್ತಿದರೆ ಮುಂದಿನದೆಲ್ಲ ಹಗುರ. 2016ರ 'ಕರ್ಸ್ಡ್ ಚೈಲ್ಡ್' ನಾಟಕವನ್ನು ಮಾತ್ರ ಇದರ ಬೆನ್ನಿಗೇ ಓದಬೇಡಿ. ಅದರಲ್ಲಿ ಹಿಂದಿನದು ಬದಲಾಗುತ್ತದೆ, ಕಲಿತ ಪಾಠ ಕೆಡುತ್ತದೆ.

* * *

ಮೇಲಿನವರು ಹೇಳಿದ್ದು ಸರಿ. ಅದಾದ ಮೇಲಿನ ಮೆಟ್ಟಿಲು 2007ರ ಸ್ಪ್ಯಾನಿಷ್ ಸಿನಿಮಾ 'ಟೈಮ್‌ಕ್ರೈಮ್ಸ್'. 92 ನಿಮಿಷ, ಬೆರಳೆಣಿಕೆಯ ಪಾತ್ರಗಳು, ಒಂದು ಮನೆ, ಒಂದು ಕಾಡು. ಮನೆಯಂಗಳದಲ್ಲಿ ದುರ್ಬೀನು ಹಿಡಿದು ಕೂತವನು ಕಾಡಿನಲ್ಲಿ ಏನೋ ಕಂಡು ಅತ್ತ ಹೋಗುತ್ತಾನೆ. ಅಲ್ಲಿಂದ ಅವನು ಹಿಂದಕ್ಕೆ ಜಾರುವುದು ಗಂಟೆಗಳ ಲೆಕ್ಕದಲ್ಲಿ ಮಾತ್ರ, ಹಾಗಾಗಿ ಎಲ್ಲ ಎಳೆಗಳನ್ನೂ ಕಣ್ಣಳತೆಯಲ್ಲೇ ಇಟ್ಟುಕೊಳ್ಳಬಹುದು. ಟ್ರೇಲರ್ ಬೇಡ.

'ಪ್ರೆಡೆಸ್ಟಿನೇಷನ್' (2014) ಇದಕ್ಕೆ ಅಣ್ಣ. ಅದರ ಬಗ್ಗೆ ಒಂದು ಸಾಲು ಓದಿದರೂ ನಷ್ಟ. ಮೊದಲು ಸಿನಿಮಾ, ಆಮೇಲೆ ಅದಕ್ಕೆ ಮೂಲವಾದ ರಾಬರ್ಟ್ ಹೈನ್‌ಲೈನ್‌ರ 1959ರ ಸಣ್ಣಕಥೆ 'ಆಲ್ ಯೂ ಜಾಂಬೀಸ್'. ಕೆಲವೇ ಪುಟಗಳಲ್ಲಿ ಮುಗಿಯುವ ಕಥೆ. ತಿರುಗಾಮುರುಗಾ ಮಾಡಿದರೆ ಸಿನಿಮಾದ ಮೊದಲರ್ಧ ಬರೀ ಕಾಯುವುದಾಗುತ್ತದೆ.

* * *

ಪ್ರೈಮರ್ ಅರ್ಧಕ್ಕೆ ಬಿಟ್ಟವರಿಗೆ: 2004ರದ್ದು, 77 ನಿಮಿಷ, ಸುಮಾರು 7,000 ಡಾಲರಿನಲ್ಲಿ ತೆಗೆದದ್ದು. ಮಾತು ಅರ್ಥವಾಗಲಿಲ್ಲ ಅಂತ ನಿಲ್ಲಿಸಿ ನಿಲ್ಲಿಸಿ ನೋಡುವುದೇ ಮೊದಲ ತಪ್ಪು. ಆರಂಭದ ತಾಂತ್ರಿಕ ಮಾತು ಹರಿದುಹೋಗಲಿ. ಅಲ್ಲಿನ ಕಾಲಯಂತ್ರ ಒಂದು ಪೆಟ್ಟಿಗೆ, ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದೊಂದು ಗಟ್ಟಿಯಾದರೆ ಸಾಕು.

ಬೆಳಿಗ್ಗೆ ಪೆಟ್ಟಿಗೆ ಚಾಲೂ ಮಾಡುತ್ತೀರಿ. ಯಾರ ಕಣ್ಣಿಗೂ ಬೀಳದೆ ಒಂದು ಹೋಟೆಲ್ ಕೋಣೆಯಲ್ಲಿ ದಿನ ಕಳೆಯುತ್ತೀರಿ, ಯಾವ ಷೇರು ಏರಿತು ಅಂತ ನೋಡಿಕೊಳ್ಳುತ್ತೀರಿ. ಸಂಜೆ ಪೆಟ್ಟಿಗೆ ನಿಲ್ಲುವ ಹೊತ್ತಿಗೆ ಅದರೊಳಗೆ ಹೊಕ್ಕುತ್ತೀರಿ. ಚಾಲೂ ಮಾಡಿ ಆರು ಗಂಟೆ ಆಗಿದ್ದರೆ ಒಳಗೂ ಆರು ಗಂಟೆ ಕೂತಿರಬೇಕು. ಹೊರಗೆ ಬಂದಾಗ ಬೆಳಿಗ್ಗೆ. ಈಗ ನೀವು ಇಬ್ಬರು: ಹೋಟೆಲಿನಲ್ಲಿ ಅಡಗಿದವನೊಬ್ಬ, ಷೇರು ಕೊಳ್ಳಲು ಹೊರಟವನೊಬ್ಬ. ಸಂಜೆ ಮೊದಲನೆಯವನು ಪೆಟ್ಟಿಗೆಗೆ ಹೋದ ಮೇಲೆ ಒಬ್ಬನೇ ಉಳಿಯುತ್ತೀರಿ. ಮೊದಲನೆಯವನು ಪೆಟ್ಟಿಗೆಗೆ ಹೋಗದಿದ್ದರೆ? ಸಿನಿಮಾ ಇರುವುದೇ ಆ ಪ್ರಶ್ನೆಯಲ್ಲಿ.

ಪೆಟ್ಟಿಗೆ ಚಾಲೂ ಆದ ಕ್ಷಣಕ್ಕಿಂತ ಹಿಂದಕ್ಕೆ ಹೋಗಲಾಗದು ಅನ್ನುವುದನ್ನು ನೆನಪಿಡಿ. ಆದ್ದರಿಂದ ಯಾವ ಪೆಟ್ಟಿಗೆ ಎಷ್ಟು ಹೊತ್ತಿನಿಂದ ಚಾಲೂ ಇದೆ ಅನ್ನುವುದೇ ಅಧಿಕಾರ. ನೋಡುತ್ತಾ ಎರಡು ಕೆಲಸ ಮಾಡಿ: ಪೆಟ್ಟಿಗೆಗಳನ್ನು ಎಣಿಸಿ, ಯಾರ ಕಿವಿಯಲ್ಲಿ ಇಯರ್‌ಫೋನ್ ಇದೆ ಗಮನಿಸಿ. ಮೊದಲ ಸಲ ಕೊನೆಯ ಇಪ್ಪತ್ತು ನಿಮಿಷ ಕೈಗೆ ಸಿಗುವುದಿಲ್ಲ, ಯಾರಿಗೂ ಸಿಕ್ಕಿಲ್ಲ. ವಾರದೊಳಗೆ ಎರಡನೇ ಸಲ ನೋಡಿ. ನಕ್ಷೆಗಳನ್ನು ಹುಡುಕುವುದು ಅದಾದ ಮೇಲೆ.

* * *

ಪ್ರೈಮರಿನ ಆ ನಿಯಮಕ್ಕೆ ಒಂದು ಚೆಂದದ ಜೋಡಿ ಇದೆ. ಟೆಡ್ ಚಿಯಾಂಗ್‌ರ 2007ರ ನೀಳ್ಗತೆ 'ದ ಮರ್ಚೆಂಟ್ ಅಂಡ್ ದ ಆಲ್ಕೆಮಿಸ್ಟ್ಸ್ ಗೇಟ್'. ಬಾಗ್ದಾದಿನ ಬಟ್ಟೆ ವ್ಯಾಪಾರಿಯೊಬ್ಬ ಒಂದು ಅಂಗಡಿಯಲ್ಲಿ ಬಾಗಿಲೊಂದನ್ನು ಕಾಣುತ್ತಾನೆ. ಆ ಕಡೆ ದಾಟಿದರೆ ಇಪ್ಪತ್ತು ವರ್ಷ ಮುಂದಕ್ಕೆ. ಆದರೆ ಬಾಗಿಲು ಹೊಸದು, ಹಾಗಾಗಿ ಅದರಲ್ಲಿ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಲಾಗದು. ಹಿಂದಕ್ಕೆ ಹೋಗಬೇಕೆಂದರೆ ಹಳೆಯ ಬಾಗಿಲಿರುವ ಕೈರೋಗೆ ಪ್ರಯಾಣ ಮಾಡಬೇಕು. ಭೌತವಿಜ್ಞಾನಿ ಕಿಪ್ ಥಾರ್ನ್ ಹೇಳಿದ ವರ್ಮ್‌ಹೋಲ್ (ದೇಶಕಾಲದಲ್ಲಿನ ಸುರಂಗ) ಕಾಲಯಂತ್ರಕ್ಕೂ ಇದೇ ಮಿತಿ. ಚಿಯಾಂಗ್ ಅದನ್ನೇ ಅರೇಬಿಯನ್ ನೈಟ್ಸ್ ಹಾಗೆ ಕಥೆಯೊಳಗೆ ಕಥೆ ಹೆಣೆದು ಹೇಳಿದ್ದಾರೆ. ಒಂದೇ ಸಲ ಕೂತು ಓದಿ ಮುಗಿಸಬಹುದು. 2019ರ 'ಎಕ್ಸ್‌ಹಲೇಷನ್' ಸಂಕಲನದಲ್ಲಿ ಮೊದಲನೆಯದೇ ಇದು. ಈ ಪ್ರಕಾರದಲ್ಲಿ ಒಂದನ್ನೇ ಓದುತ್ತೇನೆ ಅನ್ನುವವರಿಗೆ ಇದನ್ನೇ ಕೊಡಬೇಕು.

* * *

ಡಾರ್ಕ್ ಬಿಟ್ಟುಬಿಡಬೇಡಿ, ಮೊದಲಿನಿಂದ ಶುರು ಮಾಡಿ. ಮೂರು ಸೀಸನ್, 10+8+8, ಒಟ್ಟು 26 ಎಪಿಸೋಡ್. ಜರ್ಮನ್ ಧ್ವನಿ, ಸಬ್‌ಟೈಟಲ್. ಡಬ್ಬಿಂಗ್ ತಾನಾಗಿ ಹಾಕಿಕೊಂಡಿರುತ್ತದೆ, ಬದಲಿಸಿಕೊಳ್ಳಿ. ಡಬ್ಬಿಂಗ್‌ನಲ್ಲಿ ಕಿವಿಗೊಟ್ಟುಕೊಂಡು ಕಣ್ಣು ಬೇರೆಡೆ ಹೋಗುತ್ತದೆ, ಈ ಸರಣಿಯಲ್ಲಿ ಸುಳಿವೆಲ್ಲ ಮುಖದ ಮೇಲೇ ಇರುವುದು.

ಒಂದು ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ನಾಲ್ಕು ಸಾಲು: ಕಾನ್ವಾಲ್ಡ್, ನೀಲ್ಸನ್, ಡಾಪ್ಲರ್, ಟೀಡಮನ್. ಉದ್ದಕ್ಕೆ ಮೂರು ಕಂಬ: 1953, 1986, 2019. ನಡುವೆ 33 ವರ್ಷದ ಅಂತರ, ಕಥೆಯ ಗಡಿಯಾರವೇ ಅದು. ಹೆಸರು ಕಿವಿಗೆ ಬಿದ್ದಾಗ ಆಯಾ ಮನೆಯಲ್ಲಿ ಬರೆಯಿರಿ, ಆದರೆ ಪೆನ್ಸಿಲಿನಲ್ಲಿ. ಯಾಕೆ ಅಂತ ಹೇಳಿದರೆ ಮಜಾ ಹೋಗುತ್ತದೆ. ಹಾಳೆಯ ಎಡಕ್ಕೆ, ಕೆಳಕ್ಕೆ ಜಾಗ ಬಿಟ್ಟಿರಿ. ಎರಡನೇ ಸೀಸನ್ನಿನಲ್ಲಿ ವರ್ಷಗಳು ಒಂದೊಂದು ಮುಂದೆ ಸರಿಯುತ್ತವೆ, 1921 ಕೂಡ ಸೇರುತ್ತದೆ.

ಪಾತ್ರದ ಹೆಸರನ್ನು ಗೂಗಲ್‌ನಲ್ಲಿ ಟೈಪ್ ಮಾಡಲೇಬೇಡಿ. ಪೂರ್ತಿ ಟೈಪ್ ಮಾಡುವ ಮುಂಚೆಯೇ 'ಇವರ ತಾಯಿ', 'ಇವರ ವಯಸ್ಸಾದ ರೂಪ' ಅಂತ ಸಲಹೆಗಳು ಬಂದು ಗುಟ್ಟು ಒಡೆಯುತ್ತವೆ. ದಿನಕ್ಕೆ ಎರಡು ಎಪಿಸೋಡಿಗಿಂತ ಹೆಚ್ಚು ಬೇಡ, ವಾರಕ್ಕೊಂದರಂತೆಯೂ ಬೇಡ, ಅಷ್ಟರಲ್ಲಿ ಮುಖ ಮರೆತಿರುತ್ತದೆ.

* * *

ಕೇಳಿದ್ದವರು ಮತ್ತೆ: ಇಷ್ಟೆಲ್ಲ ಹಾಳೆ ಪೆನ್ಸಿಲ್ ಬೇಡದ, ನಗುವಂಥದ್ದೂ ಇದೆಯೇ?

* * *

ಇದೆ. 'ಬಿಯಾಂಡ್ ದ ಇನ್‌ಫಿನಿಟ್ ಟೂ ಮಿನಿಟ್ಸ್', ಜಪಾನ್, 2020, 70 ನಿಮಿಷ. ಕಾಫಿ ಅಂಗಡಿಯ ಟಿವಿಗೂ ಮಾಲೀಕನ ಕೋಣೆಯ ಕಂಪ್ಯೂಟರಿಗೂ ನಡುವೆ ಎರಡು ನಿಮಿಷದ ಅಂತರ. ಒಂದು ಪರದೆ ಎರಡು ನಿಮಿಷ ಮುಂದಿನದನ್ನು ತೋರಿಸುತ್ತದೆ. ಗೆಳೆಯರು ಸೇರಿ ಎರಡೂ ಪರದೆಗಳನ್ನು ಎದುರುಬದುರು ಇಡುತ್ತಾರೆ, ಎರಡು ನಾಲ್ಕಾಗುತ್ತದೆ, ನಾಲ್ಕು ಆರಾಗುತ್ತದೆ. ಇಡೀ ಸಿನಿಮಾ ಒಂದೇ ಶಾಟ್ ಅನ್ನಿಸುವ ಹಾಗೆ ಓಡುತ್ತದೆ. ಎರಡು ನಿಮಿಷ ಮುಂದಿನ ತಾನು ಹೇಳಿದ ಮಾತನ್ನು ಎರಡು ನಿಮಿಷ ಆದ ಮೇಲೆ ಓಡಿ ಹೋಗಿ ಹೇಳಲೇಬೇಕಾದ ಪಡಿಪಾಟಲು ನೋಡಿಯೇ ನಗಬೇಕು.

ಅದೇ ದಿನ ಮತ್ತೆ ಮತ್ತೆ ಬರುವ ಕಥೆಗಳಲ್ಲಿ 'ಗ್ರೌಂಡ್‌ಹಾಗ್ ಡೇ' (1993) ಮೊದಲು. ದಿನ ಯಾಕೆ ಸಿಕ್ಕಿಹಾಕಿಕೊಂಡಿತು ಅಂತ ಅದು ಹೇಳುವುದೇ ಇಲ್ಲ, ಹೇಳದಿರುವುದೇ ಅದರ ಬಲ. ಆಮೇಲೆ 'ಎಡ್ಜ್ ಆಫ್ ಟುಮಾರೋ' (2014), 'ಪಾಮ್ ಸ್ಪ್ರಿಂಗ್ಸ್' (2020), ತಮಿಳಿನ 'ಮಾನಾಡು' (2021). ಮಾನಾಡುವಿನಲ್ಲಿ ನಾಯಕನಷ್ಟೇ ಅಲ್ಲ, ಎದುರಾಳಿಗೂ ದಿನ ಮರಳುತ್ತಿರುವುದು ಗೊತ್ತಾದ ಮೇಲೆ ಆಟವೇ ಬೇರೆ. ಇವನ್ನು ಬೆನ್ನುಬೆನ್ನಿಗೆ ನೋಡಬೇಡಿ. ಎಚ್ಚರಾಗುವ ದೃಶ್ಯವೇ ಸಾಕೋ ಸಾಕು ಅನ್ನಿಸಿಬಿಡುತ್ತದೆ.

* * *

'ಬ್ಲಿಂಕ್' ಅಂತ ಹುಡುಕಿದರೆ ಎರಡು ಸಿಗುತ್ತವೆ, ಎರಡನ್ನೂ ನೋಡಿ. ಒಂದು 2024ರ ಕನ್ನಡ ಸಿನಿಮಾ, ರೆಪ್ಪೆ ಬಡಿಯುವುದೇ ಅದರ ಕೀಲಿ. ಇನ್ನೊಂದು 'ಡಾಕ್ಟರ್ ಹೂ' ಸರಣಿಯ 2007ರ ಎಪಿಸೋಡು. ಅಲ್ಲೂ ರೆಪ್ಪೆ ಬಡಿದರೆ ಕೆಟ್ಟಿರಿ, ನೋಡುತ್ತಿರುವಷ್ಟು ಹೊತ್ತು ಕಲ್ಲಾಗಿ ನಿಂತಿರುವ ಪ್ರತಿಮೆಗಳು ಕಣ್ಣು ತಪ್ಪಿದ ಕೂಡಲೇ ಸರಿಯುತ್ತವೆ. ಡಾಕ್ಟರ್ ಹೂ 1963ರಲ್ಲಿ ಶುರುವಾದ ಸರಣಿ. ಅಲ್ಲಿಂದ ಹಿಡಿದರೆ ದಡ ಸೇರುವುದಿಲ್ಲ. ಹಿಂದುಮುಂದು ಏನೂ ಗೊತ್ತಿಲ್ಲದೆ ಈ ಒಂದು ಎಪಿಸೋಡು ನೋಡಬಹುದು. ಹಿಡಿಸಿದರೆ 2005ರಲ್ಲಿ ಮತ್ತೆ ಶುರುವಾದದ್ದರ ಮೊದಲ ಸೀಸನ್ನಿಗೆ ಹೋಗಿ.

ತೆಲುಗಿನ 'ಆದಿತ್ಯ 369' (1991) ಬಿಡಬಾರದು. ಸಿಂಗೀತಂ ಶ್ರೀನಿವಾಸರಾವ್ ಅವರದ್ದು. ಯಂತ್ರ ಕೆಟ್ಟು ಒಮ್ಮೆ 1526ರ ಕೃಷ್ಣದೇವರಾಯನ ಆಸ್ಥಾನಕ್ಕೆ, ಒಮ್ಮೆ 2504ಕ್ಕೆ. ಆಸ್ಥಾನದ ಭಾಗ ಇಂದಿಗೂ ಚೆನ್ನ, ಮುಂದಿನ ಕಾಲದ ಭಾಗಕ್ಕೆ ವಯಸ್ಸಾಗಿದೆ.

* * *

'ಸ್ಟೈನ್ಸ್ ಗೇಟ್' ಯಾರೂ ಹೇಳಲಿಲ್ಲವಲ್ಲ! 2011ರ ಜಪಾನಿ ಅನಿಮೆ, 24 ಎಪಿಸೋಡ್. ಇಲ್ಲಿ ಮೊದಮೊದಲು ಹಿಂದಕ್ಕೆ ಹೋಗುವುದು ಮನುಷ್ಯ ಅಲ್ಲ, ಮೊಬೈಲಿನ ಸಂದೇಶ. ಅದೂ 36 ಬೈಟ್ ಮಾತ್ರ, ಅಂದರೆ ಒಂದು ಚುಟುಕು ವಾಕ್ಯ. ಅಷ್ಟರಲ್ಲಿ ಏನು ಬರೆದು ಯಾರ ಬದುಕು ತಿರುಗಿಸುತ್ತೀರಿ? ಮೊದಲ ಹನ್ನೊಂದು ಎಪಿಸೋಡು ಹರಟೆಯಂತೆ ಸಾಗುತ್ತದೆ, ಬಹಳ ಜನ ಅಲ್ಲೇ ಇಳಿದುಬಿಡುತ್ತಾರೆ. 12ನೆಯದರ ತನಕ ತಡೆದುಕೊಳ್ಳಿ. ಹರಟೆ ಅಂದುಕೊಂಡಿದ್ದೆಲ್ಲ ಲೆಕ್ಕಕ್ಕೆ ಬರುವುದು ಅಲ್ಲಿಂದ.

* * *

ಪುಸ್ತಕಕ್ಕೆ ಬಂದರೆ ಎಚ್.ಜಿ. ವೆಲ್ಸ್‌ರ 1895ರ 'ದ ಟೈಮ್ ಮೆಷಿನ್' ಹಳೆಯದು ಅಂತ ಪಕ್ಕಕ್ಕಿಡಬೇಡಿ. ತೆಳ್ಳನೆ ಪುಸ್ತಕ, ಕ್ರಿ.ಶ. 8,02,701ಕ್ಕೆ ಕರೆದೊಯ್ಯುತ್ತದೆ. ಅಲ್ಲಿಂದಲೂ ಮುಂದೆ, ಕೆಂಪು ಸೂರ್ಯ ನಿಂತ ಕಡಲತೀರದ ಅಧ್ಯಾಯ ಯಾವ ಸಿನಿಮಾಕ್ಕೂ ಸಿಕ್ಕಿಲ್ಲ.

ಆಕ್ಟೇವಿಯಾ ಬಟ್ಲರ್‌ರ 'ಕಿಂಡ್ರೆಡ್' (1979) ಇನ್ನೊಂದು ತೂಕದ್ದು. ಯಂತ್ರ ಇಲ್ಲ, ವಿವರಣೆ ಇಲ್ಲ. 1976ರ ಕ್ಯಾಲಿಫೋರ್ನಿಯಾದ ಕಪ್ಪು ಹೆಣ್ಣುಮಗಳು ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿಗೆ ಎಳೆಯಲ್ಪಡುತ್ತಾಳೆ. ಅಲ್ಲಿನ ಒಬ್ಬ ಬಿಳಿಯ ಹುಡುಗನ ಜೀವಕ್ಕೆ ಕುತ್ತು ಬಂದಾಗ ಹೋಗುತ್ತಾಳೆ, ತನ್ನ ಜೀವಕ್ಕೆ ಕುತ್ತು ಅನ್ನಿಸಿದಾಗ ಮಾತ್ರ ಮರಳುತ್ತಾಳೆ. ಹೊಡೆತ, ಹಿಂಸೆ ನೇರವಾಗಿವೆ, ಮಲಗುವ ಮುಂಚೆ ಓದುವ ಪುಸ್ತಕ ಅಲ್ಲ.

ಕಾನಿ ವಿಲ್ಲಿಸ್‌ರನ್ನು 'ಡೂಮ್ಸ್‌ಡೇ ಬುಕ್' (1992) ಇಂದ ಶುರು ಮಾಡಿ ಕೈಬಿಟ್ಟವರು ಹೆಚ್ಚು. ಮೊದಲ ಭಾಗ ತುಂಬ ನಿಧಾನ. 2054ರಲ್ಲೂ ಜನ ಫೋನ್ ಪಕ್ಕದಲ್ಲೇ ಕಾಯುತ್ತಾ ಕೂರುವುದು ಈಗ ನಗು ತರಿಸುತ್ತದೆ. ನಗಿಸುವ 'ಟು ಸೇ ನಥಿಂಗ್ ಆಫ್ ದ ಡಾಗ್' ಮೊದಲು ಓದಿ, ಅಲ್ಲಿ ಅವರ ಕಾಲಯಾನದ ನಿಯಮ ಅಭ್ಯಾಸವಾಗುತ್ತದೆ. ಆಮೇಲೆ 'ಡೂಮ್ಸ್‌ಡೇ ಬುಕ್'ಗೆ ಬಂದರೆ ಅದರ ಕೊನೆಯ ಮೂರನೇ ಒಂದು ಭಾಗ ಕೆಳಗಿಡಲಾಗುವುದಿಲ್ಲ.

* * *

ಒಂದು ತಕರಾರು. ಮೇಲೆ '12 ಮಂಕೀಸ್' ಹೆಸರು ಮಾತ್ರ ಬಂದಿದೆ, ಅದನ್ನೇ ಮೊದಲು ನೋಡಿದರೆ ಅದರ ಮೂಲವಾದ ಫ್ರೆಂಚ್ ಚಿತ್ರ 'ಲಾ ಜೆಟೆ'ಗೆ (1962) ಅನ್ಯಾಯ. 28 ನಿಮಿಷ, ಸ್ಥಿರಚಿತ್ರಗಳನ್ನು ಒಂದರ ಹಿಂದೆ ಒಂದು ಜೋಡಿಸಿದ್ದು. ನಡುವೆ ಒಂದೇ ಒಂದು ಕಡೆ ಚಿತ್ರ ಚಲಿಸುತ್ತದೆ: ಮಲಗಿದ್ದ ಹೆಂಗಸು ಕಣ್ಣು ತೆರೆಯುತ್ತಾಳೆ. ಅದನ್ನು ಏನೂ ಗೊತ್ತಿಲ್ಲದೆ ನೋಡಬೇಕು.

* * *

ಒಪ್ಪುವುದಿಲ್ಲ. ಎರಡರ ಕೊನೆಯೂ ಒಂದೇ. ಯಾವುದನ್ನು ಮೊದಲು ನೋಡಿದರೂ ಇನ್ನೊಂದರ ಪೆಟ್ಟು ಕಡಿಮೆಯಾಗುತ್ತದೆ. ಎರಡು ಗಂಟೆಯ ಸಿನಿಮಾ ಆ ಪೆಟ್ಟಿನ ಮೇಲೇ ನಿಂತಿದೆ. 28 ನಿಮಿಷದ್ದು ಕೊನೆ ಗೊತ್ತಿದ್ದರೂ ನಿಲ್ಲುತ್ತದೆ, ಕಣ್ಣು ತೆರೆಯುವ ಆ ಗಳಿಗೆ ಹೇಗಿದ್ದರೂ ಮೈ ಜುಮ್ಮೆನಿಸುತ್ತದೆ. ಟಿವಿಯ '12 ಮಂಕೀಸ್' (2015-18, ನಾಲ್ಕು ಸೀಸನ್, 47 ಎಪಿಸೋಡ್) ಬೇರೆಯೇ ದಾರಿ. ಅಲ್ಲಿ ಹಿಂದಿನದು ಬದಲಾಗುತ್ತದೆ, ಮೇಲೆ ಹೇಳಿದ ಪ್ರಶ್ನೆಗೆ ಉತ್ತರ ತಿರುಗಿಕೊಳ್ಳುತ್ತದೆ.

* * *

ಸ್ಟೀಫನ್ ಕಿಂಗ್‌ರ '11/22/63' (2011) ಸೇರಿಸಿಕೊಳ್ಳಿ, 800 ಪುಟ ದಾಟುವ ಕಾದಂಬರಿ. ಹೋಟೆಲೊಂದರ ಉಗ್ರಾಣದಿಂದ ಇಳಿದರೆ ಯಾವಾಗಲೂ 1958ರ ಸೆಪ್ಟೆಂಬರ್ 9, ಬೆಳಿಗ್ಗೆ 11:58. ಅಲ್ಲಿ ಎಷ್ಟು ವರ್ಷ ಇದ್ದು ಬಂದರೂ ಇಲ್ಲಿ ಕಳೆದಿರುವುದು ಎರಡೇ ನಿಮಿಷ. ಮತ್ತೊಮ್ಮೆ ಇಳಿದರೆ ಹಿಂದಿನ ಸಲ ಮಾಡಿದ್ದೆಲ್ಲ ಅಳಿಸಿ ಮೊದಲಿನಂತಾಗುತ್ತದೆ. ಅಮೆರಿಕದ ಅಧ್ಯಕ್ಷ ಕೆನೆಡಿಯ ಹತ್ಯೆ (ಹೆಸರಿನಲ್ಲಿರುವುದು ಅದರ ದಿನ, 1963ರ ನವೆಂಬರ್ 22) ತಡೆಯಬೇಕಾದರೆ ಐದು ವರ್ಷ ಅಲ್ಲೇ ಬಾಳಬೇಕು, ಸೋತರೆ ಮತ್ತೆ ಮೊದಲಿನಿಂದ ಐದು ವರ್ಷ. ವಯಸ್ಸು ಮಾತ್ರ ಹಿಂದಕ್ಕೆ ಬರುವುದಿಲ್ಲ. 2016ರ ಎಂಟು ಕಂತಿನ ಸರಣಿಯಲ್ಲಿ ಇಳಿಯುವ ವರ್ಷ 1960 ಮಾಡಿದ್ದಾರೆ, ಕಾಯುವಿಕೆಯ ಭಾರ ಅಷ್ಟು ಕಡಿಮೆಯಾಗಿದೆ. ಹಾಗಾಗಿ ಪುಸ್ತಕವೇ ಮೊದಲು, ಸರಣಿಯನ್ನು ಆಮೇಲೆ ಬಿಡುವಾದಾಗ ನೋಡಿಕೊಳ್ಳಿ.