ಮಗು ಪೈಪ್ ಬ್ಯಾಂಡ್ ಸೇರುತ್ತೇನೆ ಅಂದರೆ: ನಮ್ಮನೆ ಕಥೆ

ಎಲ್ಲರಿಗೂ ನಮಸ್ಕಾರ. ಮಗ ಊರಿನ ಪೈಪ್ ಬ್ಯಾಂಡ್ (ಬ್ಯಾಗ್‌ಪೈಪ್, ಅಂದರೆ ಚೀಲಕ್ಕೆ ಗಾಳಿ ಊದಿ ನುಡಿಸುವ ವಾದ್ಯ, ಜೊತೆಗೆ ಡ್ರಮ್‌ಗಳ ತಂಡ) ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ, ನಮ್ಮ ಸಂಗೀತ ಕೈಬಿಟ್ಟು ಹೋಗುತ್ತೇನೋ ಅಂತ ಮೊನ್ನೆ ಒಬ್ಬರು ಇಲ್ಲಿ ಕೇಳಿದ್ದರು. ನಾವಿರುವುದು ಸ್ಕಾಟ್‌ಲೆಂಡಿನ ಎಡಿನ್‌ಬರೋ ಪಕ್ಕದ ವೆಸ್ಟ್ ಲೋಥಿಯನ್‌ನಲ್ಲಿ. ನಮ್ಮ ಮಗಳು ಬ್ಯಾಂಡ್ ಸೇರಿ ಮೂರು ವರ್ಷ ಆಯ್ತು. ನನಗೂ ಆಗ ಅದೇ ಭಯ ಇತ್ತು.

ಮೊದಲ ದಿನವೇ ಪೈಪ್ ಕೈಗೆ ಬರುವುದಿಲ್ಲ. ಪ್ರಾಕ್ಟೀಸ್ ಚಾಂಟರ್ ಅಂತ ಕೊಳಲಿನಂಥದ್ದೊಂದು ಇರುತ್ತೆ. ಚೀಲ ಇಲ್ಲ, ಸದ್ದೂ ಕಡಿಮೆ. ಹೆಚ್ಚುಕಡಿಮೆ ಒಂದು ವರ್ಷ ಅದರಲ್ಲೇ ಬೆರಳು ಕೂರಬೇಕು. ನೂರು ಪೌಂಡಿನೊಳಗೆ ಸಿಗುತ್ತೆ. ನಿಜವಾದ ಪೈಪ್ ಸಾವಿರ ದಾಟುತ್ತೆ, ಅವಸರ ಮಾಡಬೇಡಿ. ನಮ್ಮ ಬ್ಯಾಂಡಿನಲ್ಲಿ ಎರವಲು ಕೊಡುತ್ತಾರೆ, ಪಾಠಕ್ಕೂ ದುಡ್ಡಿಲ್ಲ.

ಆ ಎರವಲು ಪೈಪ್ ಮನೆಗೆ ಬಂದ ದಿನ ನಮ್ಮತ್ತೆ ಇಲ್ಲೇ ಇದ್ದರು. "ಅಯ್ಯೋ, ಯಾರ್ಯಾರೋ ಊದಿದ್ದಲ್ವಾ? ಎಂಜಲು!" ಅಂದರು. ಊದುವ ಕೊಳವೆ ಬೇರೆ ಕೊಂಡೆವು. ಆಮೇಲೆ ಚೀಲ ಯಾವುದರ ಚರ್ಮ ಅಂತ ಶುರುವಾಯ್ತು. ಹಿಂದೆ ಕುರಿ ಚರ್ಮ, ದನದ ಚರ್ಮ ಎಲ್ಲ ಇತ್ತು, ಈಗ ಸಿಂಥೆಟಿಕ್ ಚೀಲವೂ ಬರುತ್ತೆ, ಇದು ಅದೇ ಅಂದೆ. (ಮೃದಂಗದ ಚರ್ಮದ ಬಗ್ಗೆ ನಮ್ಮಲ್ಲಿ ಯಾರೂ ಕೇಳಲ್ಲ, ಅದು ಬೇರೆ ಮಾತು.) ಕೊನೆಗೆ ಅತ್ತೆಯೇ, "ಟಿವಿಯಲ್ಲಿ ಬೀಟಿಂಗ್ ರಿಟ್ರೀಟ್ ದಿನ ನಮ್ಮ ಮಿಲಿಟರಿಯವರು ಊದ್ತಾರಲ್ಲ, ಅದೇ ತಾನೇ ಇದು?" ಅಂತ ಸಮಾಧಾನ ಆದರು.

ನನ್ನ ಭಯ ಬಿಟ್ಟಿದ್ದು ಬ್ಯಾಂಡಿನವರು ಶ್ರುತಿ ಸೇರಿಸುವುದನ್ನು ನೋಡಿದ ಮೇಲೆ. ಪೈಪಿಗೆ ಮೂರು ಡ್ರೋನ್, ಅಂದರೆ ಶ್ರುತಿ ಕೊಳವೆಗಳು. ಎರಡು ಷಡ್ಜದ ಒಂದು ಸ್ಥಾಯಿ ಕೆಳಗೆ, ಒಂದು ಎರಡು ಸ್ಥಾಯಿ ಕೆಳಗೆ. ಓಲಗದಲ್ಲಿ ಪಕ್ಕದಲ್ಲೊಬ್ಬರು ಒತ್ತು ಹಿಡಿದು ಒಂದೇ ಸ್ವರ ಊದುತ್ತಾ ಕೂತಿರುತ್ತಿದ್ದರಲ್ಲ, ಇಲ್ಲಿ ಆ ಕೆಲಸ ಹೆಗಲ ಮೇಲೇ ಕೂತಿದೆ. ಪೈಪ್ ಮೇಜರ್, ಅಂದರೆ ಬ್ಯಾಂಡಿನ ಮುಖ್ಯಸ್ಥರು, ಒಬ್ಬೊಬ್ಬರ ಹತ್ತಿರವೂ ಹೋಗಿ ಕಿವಿಗೊಡುತ್ತಾರೆ. ಶ್ರುತಿ ಸೇರದಿದ್ದರೆ ವೊಂ ವೊಂ ಅಂತ ಅಲೆ ಏಳುತ್ತೆ. ಡ್ರೋನನ್ನು ಒಂದು ಕೂದಲೆಳೆ ಎಳೆಯುತ್ತಾರೆ, ಅಲೆ ನಿಧಾನ ಆಗುತ್ತಾ ಹೋಗಿ ಸಪಾಟಾಗುತ್ತೆ. ಸ್ವರ ಸ್ವಲ್ಪ ಏರಿದ್ದರೆ ಪೈಪಿನ ಚಾಂಟರ್, ಅಂದರೆ ಬೆರಳಾಡಿಸುವ ಕೊಳವೆಯ ತೂತಿನ ಮೇಲಂಚಿಗೆ ಎಲೆಕ್ಟ್ರಿಷಿಯನ್ ಟೇಪಿನ ಚೂರು ಅಂಟಿಸುತ್ತಾರೆ, ಇಳಿಯುತ್ತೆ. ಮನೆಯಲ್ಲಿ ತಂಬೂರಿ ಆಪ್ ಹಾಕಿದರೆ ಆಕಳಿಸುತ್ತಿದ್ದ ಹುಡುಗಿ, ಅಲ್ಲಿ ಅರ್ಧ ಗಂಟೆ ಚಳಿಯಲ್ಲಿ ನಿಂತು ಶ್ರುತಿ ಕೇಳುತ್ತಾಳೆ!

ಇನ್ನೊಂದು ವಿಷಯ. ಒಮ್ಮೆ ಊದಲು ಶುರು ಮಾಡಿದರೆ ಸದ್ದು ನಿಲ್ಲಲ್ಲ. ಒಂದೇ ಸ್ವರವನ್ನು ಎರಡು ಸಲ ಬಿಡಿಸಿ ನುಡಿಸುವುದಕ್ಕೆ ನಾಲಗೆ ಕೆಲಸಕ್ಕೆ ಬರಲ್ಲ. ನಡುವೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೇರೊಂದು ಸ್ವರವನ್ನು ಬೆರಳಿನಿಂದ ತಟ್ಟಬೇಕು. ಆ ಒಂದು ವರ್ಷ ಹೋಗುವುದು ಬಹುಪಾಲು ಇದಕ್ಕೇ. ಹಳೆಯ ದೊಡ್ಡ ರಚನೆಗಳನ್ನು ಕಲಿಸಲು ಬಾಯಿಪಾಠದ ಪದ್ಧತಿಯೂ ಇದೆ, ಕ್ಯಾಂಟರಕ್ ಅನ್ನುತ್ತಾರೆ. ಹಿಹರಿನ್, ಹೊಡಿನ್ ಅಂತ ಹಾಡಿಯೇ ಹೇಳಿಕೊಡುವುದು. ಸ್ಕೈ ದ್ವೀಪದ ಮ್ಯಾಕ್‌ಕ್ರಿಮನ್ ಮನೆತನದವರು ತಲೆಮಾರುಗಳ ಕಾಲ ಹೀಗೆ ಕಲಿಸಿದವರು. ನಮ್ಮ ಗುರುಮನೆಗಳ ಹಾಗೇ ಅಲ್ವಾ?

ಕಿಲ್ಟ್, ಅಂದರೆ ಬ್ಯಾಂಡಿನವರು ಉಡುವ ನೆರಿಗೆಯ ಲಂಗ, ಅದರ ಬಗ್ಗೆ ನನ್ನದೇ ಪೆದ್ದುತನ ಹೇಳಿಬಿಡುತ್ತೇನೆ. ಮೊದಲ ಗಾಲಾ ಡೇ ದಿನ ನಾನೇ ಉಡಿಸಿದ್ದು. ಸೀರೆ ಅಭ್ಯಾಸ ನೋಡಿ, ನೆರಿಗೆ ಮುಂದಕ್ಕೆ ಬರುವ ಹಾಗೆ ಬಿಗಿದು ಕಳಿಸಿದೆ. ಬಾಸ್ ಡ್ರಮ್ ಹೊಡೆಯುವ ಅಜ್ಜಿ ನಕ್ಕು, ಮಗಳನ್ನು ಬೊಂಬೆ ತಿರುಗಿಸಿದ ಹಾಗೆ ತಿರುಗಿಸಿದರು. ನೆರಿಗೆ ಹಿಂದಕ್ಕೆ ಇರಬೇಕು, ಮುಂದೆ ಸಪಾಟು. ಗಾಲಾ ಡೇ ಅಂದರೆ ಇಲ್ಲಿಯ ಊರುಗಳ ಮಕ್ಕಳ ಜಾತ್ರೆ, ಜೂನ್ ಆಸುಪಾಸು. ಮೆರವಣಿಗೆಯ ಮುಂದೆ ಬ್ಯಾಂಡ್ ಇಲ್ಲದಿದ್ದರೆ ಜನ ಒಪ್ಪಲ್ಲ.

ನಿಜವಾದ ಖರ್ಚು ದುಡ್ಡಿನದಲ್ಲ, ಶನಿವಾರಗಳದು. ಮೇನಿಂದ ಆಗಸ್ಟ್‌ವರೆಗೆ ಸ್ಪರ್ಧೆಗಳು, ಕೊನೆಗೆ ಗ್ಲ್ಯಾಸ್ಗೋ ಗ್ರೀನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಒಮ್ಮೆ ಹೋಗಿ ನೋಡಿ. ಬ್ಯಾಂಡಿನವರು ನಡೆದು ಬಂದು ವೃತ್ತವಾಗಿ ಒಳಮುಖ ಮಾಡಿ ನಿಲ್ಲುತ್ತಾರೆ, ಪ್ರೇಕ್ಷಕರಿಗೆ ಬೆನ್ನು. ಸುತ್ತ ಓಡಾಡಿ ಅಂಕ ಕೊಡುವವರು ನಾಲ್ವರು. ನವೆಂಬರ್ ಎರಡನೇ ಭಾನುವಾರ ಯುದ್ಧದಲ್ಲಿ ಸತ್ತವರ ಸ್ಮರಣೆ, ಅವತ್ತು ಬ್ಯಾಂಡಿನವರು ತಪ್ಪಿಸುವಂತಿಲ್ಲ. ರಾಜ್ಯೋತ್ಸವ ಕಾರ್ಯಕ್ರಮದ ತಾರೀಕು ಗೊತ್ತು ಮಾಡುವವರು ದಯವಿಟ್ಟು ಅದೊಂದು ಭಾನುವಾರ ಬಿಟ್ಟುಬಿಡಿ. ಹೋದ ವರ್ಷ ಎರಡೂ ಒಂದೇ ದಿನ ಬಂದು ಮನೆಯಲ್ಲಿ ದೊಡ್ಡ ಜಗಳ.

ಸಂಗೀತ ಪಾಠ ಬಿಟ್ಟುಹೋಯ್ತಾ? ನಡುವೆ ಆರು ತಿಂಗಳು ಹೋಗಿತ್ತು, ಸುಳ್ಳು ಹೇಳಲ್ಲ. ಆಮೇಲೆ ಒಂದು ದಿನ ತಾನಾಗಿ ಸರಳೆ ವರಸೆಯನ್ನು ಚಾಂಟರಿನಲ್ಲಿ ಪ್ರಯತ್ನಿಸಿದಳು. ಆಗಲಿಲ್ಲ. ಸರಳೆ ವರಸೆ ಮಾಯಾಮಾಳವಗೌಳ ರಾಗದ್ದು, ಆ ರಾಗದ ರಿ ಚಾಂಟರಿನಲ್ಲಿ ಇಲ್ಲ. ಇರುವುದೇ ಒಂಬತ್ತು ಸ್ವರ, ನಮ್ಮ ಲೆಕ್ಕಕ್ಕೆ ಹರಿಕಾಂಬೋಜಿ ರಾಗ, ಷಡ್ಜದ ಕೆಳಗೆ ಒಂದು ನಿಷಾದ ಜಾಸ್ತಿ. ಮೋಹನ ರಾಗದ ಗೀತೆ ಹಿಡಿದಳು. ಚೆನ್ನಾಗಿಯೇ ಬಂತು. ಮೇಲಿನ ಷಡ್ಜ ದಾಟಬೇಕಾದಾಗ ತೂತು ಮುಗಿದಿತ್ತು. ಚಾಂಟರ್ ತೊಡೆ ಮೇಲಿಟ್ಟುಕೊಂಡು ಉಳಿದಿದ್ದನ್ನು ಹಾಡಿದಳು.