ಕೋಶಭಿತ್ತಿಯನ್ನು ‘ಒಡೆಯುವ’ ಔಷಧವೋ, ‘ಕಟ್ಟಗೊಡದ’ ಔಷಧವೋ?

ಮಾನ್ಯರೇ,

ಪೆನಿಸಿಲಿನ್ ಮತ್ತು ಅದರ ಬಳಗದ ಪ್ರತಿಜೀವಕಗಳನ್ನು ಕುರಿತ ಕನ್ನಡ ಬರಹಗಳಲ್ಲಿ ‘ಈ ಔಷಧವು ಬ್ಯಾಕ್ಟೀರಿಯದ ಕೋಶಭಿತ್ತಿಯನ್ನು ಒಡೆಯುತ್ತದೆ’ ಎಂಬ ಬಗೆಯ ವಾಕ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ನಾನೂ ಹಿಂದೆ ಹಾಗೆಯೇ ಬರೆದಿದ್ದೇನೆ. ಈ ಕ್ರಿಯಾಪದ ತಪ್ಪೆಂದು ಈಗ ಮನವರಿಕೆಯಾಗಿದೆ. ಅದರ ಜಾಗದಲ್ಲಿ ಯಾವ ಪದ ನಿಲ್ಲಬೇಕೆಂಬುದು ನನ್ನ ಪ್ರಶ್ನೆ.

ಬ್ಯಾಕ್ಟೀರಿಯದ ಭಿತ್ತಿಯು ಪೆಪ್ಟಿಡೋಗ್ಲೈಕಾನ್ ಎಂಬ ವಸ್ತುವಿನ ಹೆಣಿಗೆ. ಸಕ್ಕರೆಯ ಘಟಕಗಳ ನೀಳವಾದ ಎಳೆಗಳನ್ನು ಅಮೈನೊ ಆಮ್ಲಗಳ ಚಿಕ್ಕ ಸರಪಳಿಗಳು ಅಡ್ಡಲಾಗಿ ಬೆಸೆದಾಗಲೇ ಅದಕ್ಕೆ ಗಟ್ಟಿತನ ಬರುತ್ತದೆ. ಪೆನಿಸಿಲಿನ್ ಹೋಗಿ ಅಂಟಿಕೊಳ್ಳುವುದು ಈ ಬೆಸುಗೆಯನ್ನು ಹಾಕುವ ಕಿಣ್ವಕ್ಕೆ. ಬೆಸುಗೆ ನಿಂತುಹೋದರೂ, ಬೆಳೆಯುತ್ತಿರುವ ಕೋಶವು ಹೊಸ ಎಳೆಗಳಿಗೆ ಎಡೆಮಾಡಿಕೊಡಲು ಹಳೆಯದನ್ನು ತನ್ನದೇ ಕಿಣ್ವಗಳಿಂದ ಕತ್ತರಿಸುತ್ತಲೇ ಇರುವುದರಿಂದ, ಭಿತ್ತಿ ದಿನೇದಿನೇ ಅಲ್ಲ, ಕೆಲವೇ ಗಂಟೆಗಳಲ್ಲಿ ಸಡಿಲವಾಗಿ, ಒಳಗಿನ ಒತ್ತಡವನ್ನು ತಾಳಲಾರದೆ ಬಿರಿಯುತ್ತದೆ. ಒಡೆಯುವ ಕೆಲಸ ಔಷಧದ್ದಲ್ಲ, ಕೋಶದ್ದೇ. ಬೆಳೆಯದೆ ಸುಮ್ಮನಿರುವ ಬ್ಯಾಕ್ಟೀರಿಯಗಳ ಮೇಲೆ ಪೆನಿಸಿಲಿನ್ನಿನ ಪ್ರಭಾವ ತೀರ ಕಡಿಮೆಯಾಗಿರುವುದಕ್ಕೂ ಇದೇ ಕಾರಣ. ‘ಒಡೆಯುತ್ತದೆ’ ಎಂದು ಓದಿ ಬೆಳೆದ ವಿದ್ಯಾರ್ಥಿಗೆ ಈ ಸಂಗತಿಯನ್ನು ಬಿಡಿಸಿ ಹೇಳುವುದು ಎಷ್ಟು ಕಷ್ಟವೆಂದು ಪಾಠ ಮಾಡಿದವರಿಗೆ ಗೊತ್ತಿರುತ್ತದೆ.

ಇರುವ ಭಿತ್ತಿಯನ್ನೇ ನೇರವಾಗಿ ಒಡೆಯುವ ವಸ್ತು ಬೇರೆಯೇ ಇದೆ. ಕಣ್ಣೀರಿನಲ್ಲಿಯೂ ಮೊಟ್ಟೆಯ ಬಿಳಿಯಲ್ಲಿಯೂ ಇರುವ ಲೈಸೊಜೈಮ್ ಆ ಸಕ್ಕರೆಯ ಎಳೆಗಳನ್ನೇ ತುಂಡರಿಸುತ್ತದೆ. ಲೈಸೊಜೈಮನ್ನು 1922ರಲ್ಲಿ ಲೋಕಕ್ಕೆ ತಿಳಿಸಿದವರೂ 1928ರಲ್ಲಿ ಪೆನಿಸಿಲಿನ್ನನ್ನು ಗುರುತಿಸಿದವರೂ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ. ಒಬ್ಬರೇ ಕಂಡ ಈ ಎರಡು ಬೇರೆ ಬೇರೆ ಕ್ರಿಯೆಗಳಿಗೆ ನಾವು ಒಂದೇ ಕ್ರಿಯಾಪದವನ್ನು ಹಚ್ಚುತ್ತಿದ್ದೇವೆ.

ಗ್ರಾಂಥಿಕವಾಗಿ ‘ಕೋಶಭಿತ್ತಿ ಸಂಶ್ಲೇಷಣಾ ಪ್ರತಿಬಂಧಕ’ ಎನ್ನಬಹುದು. ಅರ್ಥದಲ್ಲಿ ದೋಷವಿಲ್ಲ, ಆದರೆ ಉದ್ದವೆಂದು ನಡುವಿನ ಪದವನ್ನು ಬಿಟ್ಟು ‘ಕೋಶಭಿತ್ತಿ ಪ್ರತಿಬಂಧಕ’ ಎಂದು ಮೊಟಕುಮಾಡಿದ ಕೂಡಲೇ ಕೋಶಭಿತ್ತಿಯೇ ಯಾವುದನ್ನೋ ತಡೆಯುತ್ತದೆಂಬ ಅರ್ಥ ಹೊರಡುತ್ತದೆ. ‘ಕಿಣ್ವ ಪ್ರತಿಬಂಧಕ’ವೂ ಇಡೀ ಬಳಗಕ್ಕೆ ಒಪ್ಪುವುದಿಲ್ಲ. ಭಿತ್ತಿ ಕಟ್ಟುವುದನ್ನೇ ತಡೆಯುವ ಇನ್ನೊಂದು ಪ್ರತಿಜೀವಕವಾದ ವ್ಯಾಂಕೊಮೈಸಿನ್ ಬೆಸುಗೆಯ ಕಿಣ್ವವನ್ನು ಮುಟ್ಟುವುದಿಲ್ಲ; ಬೆಸೆಯಬೇಕಾದ ಸರಪಳಿಯ ತುದಿಯಲ್ಲಿರುವ ಎರಡು ಅಮೈನೊ ಆಮ್ಲಗಳಾದ ಡಿ-ಅಲನಿನ್‌ಗಳನ್ನೇ ಹಿಡಿದು ಮುಚ್ಚಿಬಿಡುತ್ತದೆ. ಕೆಲವರು ‘ಭಿತ್ತಿ’ಯ ಬದಲು ‘ಪೊರೆ’ ಎಂದು ಬರೆಯುವುದುಂಟು, ಅದನ್ನಂತೂ ಬಿಡಲೇಬೇಕು. ಕೋಶಪೊರೆ ನಮ್ಮ ಜೀವಕೋಶಗಳಿಗೂ ಇದೆ, ಭಿತ್ತಿ ಇಲ್ಲ. ಈ ಔಷಧಗಳು ನಮ್ಮ ಕೋಶಗಳನ್ನು ಬಿಟ್ಟು ಬ್ಯಾಕ್ಟೀರಿಯವನ್ನಷ್ಟೇ ಕೊಲ್ಲುವುದು ಆ ವ್ಯತ್ಯಾಸದ ಬಲದಿಂದ.

ನನ್ನ ಮನಸ್ಸು ‘ಕಟ್ಟು’ ಎಂಬ ಧಾತುವಿನ ಕಡೆಗೆ ವಾಲಿದೆ. ಗೋಡೆಯನ್ನು ಕಟ್ಟುತ್ತೇವೆ, ಹಾಗಾಗಿ ‘ಸಂಶ್ಲೇಷಣೆ’ಗಿಂತ ಅದು ಓದುಗರಿಗೆ ಹತ್ತಿರ. ‘ಭಿತ್ತಿ ಕಟ್ಟುವುದನ್ನು ತಡೆಯುವ ಪ್ರತಿಜೀವಕ’ ಎಂಬುದು ಪೆನಿಸಿಲಿನ್ನಿಗೂ ವ್ಯಾಂಕೊಮೈಸಿನ್ನಿಗೂ ಸಮನಾಗಿ ಹೊಂದುತ್ತದೆ. ಆದರೆ ಮೂಗು ಕಟ್ಟುವುದು, ಉಸಿರು ಕಟ್ಟುವುದು ಎನ್ನುವಾಗ ಇದೇ ಧಾತು ತಡೆಯಾಗುವುದನ್ನೂ ಹೇಳುತ್ತದೆ. ವಾಕ್ಯದಲ್ಲಿ ಗೊಂದಲವಾಗದು, ಪಾರಿಭಾಷಿಕ ಪದವಾಗಿ ಸಮಾಸ ಮಾಡಿದರೆ ಆಗಬಹುದೇನೋ ಎಂಬ ಅಳುಕು ನನಗಿದೆ.

ವ್ಯಾಕರಣ ಬಲ್ಲವರಲ್ಲಿ ಇನ್ನೊಂದು ಕೇಳಿಕೆ. ನಾಮಪದದ ಮುಂದೆ ಕ್ರಿಯಾಪದ ಸೇರುವ ಕ್ರಿಯಾಸಮಾಸದಲ್ಲಿ ಅರಿಸಮಾಸದ (ಸಂಸ್ಕೃತ ಪದವನ್ನು ಕನ್ನಡ ಪದದೊಡನೆ ಸಮಾಸ ಮಾಡುವ) ದೋಷವಿಲ್ಲವೆಂಬ ನಿಯಮದಂತೆ ‘ಭಿತ್ತಿಗಟ್ಟು’ ಸಾಧುವೆಂದು ತಿಳಿದಿದ್ದೇನೆ. ಅದಕ್ಕೆ ಮುಂದೆ ‘ತಡೆ’ಯನ್ನು ಸೇರಿಸಿ ‘ಭಿತ್ತಿಗಟ್ಟುತಡೆ’ ಎಂದು ನಾಮಪದ ಮಾಡಿದರೆ ಆ ವಿನಾಯಿತಿ ಉಳಿಯುತ್ತದೆಯೇ, ಅಥವಾ ‘ಗೋಡೆ’ಯನ್ನೇ ತೆಗೆದುಕೊಂಡು ಅಚ್ಚಗನ್ನಡದಲ್ಲಿ ಕಟ್ಟುವುದು ಮೇಲೇ?