ಕೈಬಿಟ್ಟ ಕ್ಯಾಚು ಸಾಕ್ಷಿಯಲ್ಲ

ಎಲ್ಲರಿಗೂ ನಮಸ್ಕಾರ. ಇಷ್ಟನ್ನೆಲ್ಲ ಬೆರಳಿನಿಂದ ಒತ್ತಿ ಬರೆಯುವುದು ನನ್ನಿಂದಾಗದು, ಮಾತಿನಲ್ಲೇ ಹೇಳುತ್ತೇನೆ. ಉದ್ದವಾದೀತು, ನಿಮ್ಮ ಕೆಲಸ ಮಾಡುತ್ತಲೇ ಕೇಳಿ.

ನಿನ್ನೆ ರಾತ್ರಿ ನಮ್ಮ ಅಳಿಯ ಯಾರೋ ಕ್ಯಾಚು ಕೈಬಿಟ್ಟ ವಿಡಿಯೋ ಹಾಕಿ, “ನೋಡಿ, ಎಲ್ಲವೂ ಫಿಕ್ಸ್, ದುಡ್ಡು ತೆಗೆದುಕೊಂಡು ಬೇಕೆಂದೇ ಬಿಟ್ಟದ್ದು, ಕ್ರಿಕೆಟ್ ಮಂಡಳಿಯವರಿಗೂ ಪಾಲಿದೆ” ಎಂದ. ಅದಕ್ಕೆ ಭಾವನವರು, “2013ರ ಐಪಿಎಲ್‌ನಲ್ಲಿ ಫಿಕ್ಸಿಂಗ್ ಆರೋಪದ ಮೇಲೆ ಬಂಧಿತನಾದ ಬೌಲರ್ ಶ್ರೀಶಾಂತ್‌ನನ್ನೇ ಕೋರ್ಟ್ ಬಿಟ್ಟು ಕಳಿಸಿತು, ಸುಮ್ಮನೆ ಆಟಗಾರರ ಮೇಲೆ ಕೆಸರು ಎರಚಬೇಡ” ಎಂದು ಗದರಿದರು. ಇಬ್ಬರ ಮಾತೂ ನನಗೆ ಒಪ್ಪಿಗೆಯಿಲ್ಲ.

ಅಳಿಯ, ಮೊದಲು ನಿನಗೆ. ಟಿವಿ ನೋಡಿ ಫಿಕ್ಸಿಂಗ್ ಹಿಡಿದವರು ಯಾರಪ್ಪಾ ಇದ್ದಾರೆ? 2000ದ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ದಕ್ಷಿಣ ಆಫ್ರಿಕಾ ತಂಡದ ನಾಯಕ ಹ್ಯಾನ್ಸಿ ಕ್ರೋನಿಯೆ ಹೆಸರು ಹೇಳಿದಾಗ ಅವರ ಕೈಯಲ್ಲಿದ್ದದ್ದು ಬುಕ್ಕಿಯ, ಅಂದರೆ ಬಾಜಿ ಕಟ್ಟಿಸಿಕೊಳ್ಳುವವನ ಜೊತೆ ಅವನು ಫೋನಿನಲ್ಲಿ ಆಡಿದ ಮಾತಿನ ಧ್ವನಿಮುದ್ರಣ. ಅದೂ ಬೇರೊಂದು ಪ್ರಕರಣಕ್ಕಾಗಿ ಕದ್ದಾಲಿಸುವಾಗ ಸಿಕ್ಕಿದ್ದು. 2010ರಲ್ಲಿ ಲಾರ್ಡ್ಸ್‌ನಲ್ಲಿ ಪಾಕಿಸ್ತಾನದ ಬೌಲರುಗಳಾದ ಆಮಿರ್ ಮತ್ತು ಆಸಿಫ್ ಹಾಕಿದ ನೋಬಾಲುಗಳನ್ನೇ ತೆಗೆದುಕೋ. ಆಮಿರ್‌ನ ಕಾಲು ಗೆರೆಯಿಂದ ಅಷ್ಟು ದೂರ ಹೋದದ್ದನ್ನು ಕಂಡವರು ಹುಬ್ಬೇರಿಸಿ ಸುಮ್ಮನಾಗುತ್ತಿದ್ದರು. ಆದರೆ ಯಾವ ಎಸೆತ ನೋಬಾಲ್ ಆಗುತ್ತದೆ ಎಂದು ಮಧ್ಯವರ್ತಿ ಮಜೀದ್ ಮುಂಚೆಯೇ ಹೇಳಿದ್ದನ್ನು ಒಂದು ಇಂಗ್ಲಿಷ್ ಪತ್ರಿಕೆ ಗುಟ್ಟಾಗಿ ಚಿತ್ರೀಕರಿಸಿಕೊಂಡಿತ್ತು. ಅವನ ಮುಂದೆ ಒಂದೂವರೆ ಲಕ್ಷ ಪೌಂಡ್ ಇಟ್ಟವರೂ ಆ ಪತ್ರಿಕೆಯವರೇ. ಮರುವರ್ಷ ನಾಯಕ ಸಲ್ಮಾನ್ ಬಟ್ ಸೇರಿ ಮೂವರು ಆಟಗಾರರೂ ಲಂಡನ್ನಿನ ನ್ಯಾಯಾಲಯದಿಂದ ನೇರ ಜೈಲಿಗೆ ಹೋದರು. ಹಣ ಮತ್ತು ಫೋನು, ಸಾಕ್ಷಿ ಸಿಗುವುದು ಅಲ್ಲಿ. ಒಳ್ಳೆಯ ಫೀಲ್ಡರನ ಕೈಯಿಂದಲೂ ಚೆಂಡು ಜಾರುತ್ತದೆ.

ಮಂಡಳಿಗಳ ಬಗ್ಗೆ ನಿನಗಿರುವ ಸಿಟ್ಟು ಮಾತ್ರ ಪೂರ್ತಿ ತಪ್ಪಲ್ಲ. ಈ ಎರಡೂ ಹಗರಣಗಳನ್ನು ಬಯಲಿಗೆಳೆದವರು ಹೊರಗಿನವರು. ಒಂದನ್ನು ಪೊಲೀಸರು, ಇನ್ನೊಂದನ್ನು ಪತ್ರಿಕೆಯವರು. ಒಳಗಿನವರ ಮೊದಲ ಬುದ್ಧಿ ಮುಚ್ಚಿಡುವುದು. 1994ರಲ್ಲಿ ಶ್ರೀಲಂಕಾದಲ್ಲಿ ಶೇನ್ ವಾರ್ನ್ ಮತ್ತು ಮಾರ್ಕ್ ವಾ ಒಬ್ಬ ಬುಕ್ಕಿಯಿಂದ ಹಣ ಪಡೆದು ಪಿಚ್, ಹವಾಮಾನದ ಮಾಹಿತಿ ಕೊಟ್ಟಿದ್ದರು. ಆಸ್ಟ್ರೇಲಿಯಾದ ಮಂಡಳಿ 1995ರಲ್ಲಿ ಇಬ್ಬರಿಗೂ ದಂಡ ಹಾಕಿತು, ಹಾಕಿ ಬಾಯಿ ಮುಚ್ಚಿಕೊಂಡಿತು. ಜಗತ್ತಿಗೆ ತಿಳಿದದ್ದು 1998ರ ಡಿಸೆಂಬರ್‌ನಲ್ಲಿ. ಅದಕ್ಕೆ ಎರಡು ತಿಂಗಳು ಮುಂಚೆಯಷ್ಟೇ ಇದೇ ಮಾರ್ಕ್ ವಾ ಲಾಹೋರಿಗೆ ಹೋಗಿ, ಪಾಕಿಸ್ತಾನದ ಮಾಜಿ ನಾಯಕ ಸಲೀಮ್ ಮಲಿಕ್ ತನಗೆ ಲಂಚದ ಆಮಿಷ ಒಡ್ಡಿದ್ದ ಎಂದು ವಿಚಾರಣೆಯಲ್ಲಿ ಸಾಕ್ಷಿ ಹೇಳಿ ಬಂದಿದ್ದ! ತನ್ನ ಕಥೆಯ ಬಗ್ಗೆ ಮಾತ್ರ ಒಂದಕ್ಷರವೂ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ, ಆಮೇಲೆ ಮೈ ಉರಿಯುತ್ತದೆ.

ನಮ್ಮವರು ಕಡಿಮೆಯೇ? 2013ರ ಐಪಿಎಲ್‌ನಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದಿತು. ಆಗ ಭಾರತದ ಕ್ರಿಕೆಟ್ ಮಂಡಳಿ ಬಿಸಿಸಿಐಯ ಅಧ್ಯಕ್ಷ ಶ್ರೀನಿವಾಸನ್. ಚೆನ್ನೈ ತಂಡ ಅವರದೇ ಕಂಪನಿಯದು. ಬೆಟ್ಟಿಂಗ್ ಆರೋಪದಲ್ಲಿ ಸಿಕ್ಕಿಬಿದ್ದವರು ಅವರ ಅಳಿಯ ಮೇಯಪ್ಪನ್. ತನಿಖೆಗೆಂದು ಮಂಡಳಿ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ತಾನೇ ನೇಮಿಸಿತು, ಅವರು ತಪ್ಪೇನೂ ಕಾಣುತ್ತಿಲ್ಲ ಎಂದರು. ಆ ಸಮಿತಿಯ ರಚನೆಯೇ ಅಕ್ರಮ ಎಂದು ಬಾಂಬೆ ಹೈಕೋರ್ಟ್ ಹೇಳಬೇಕಾಯಿತು. ಆಮೇಲೆ ಸುಪ್ರೀಂ ಕೋರ್ಟ್ ಮುದ್ಗಲ್ ಸಮಿತಿಯನ್ನು, ನಂತರ ಲೋಧಾ ಸಮಿತಿಯನ್ನು ನೇಮಿಸಿದ್ದರಿಂದ 2015ರಲ್ಲಿ ಚೆನ್ನೈ ಮತ್ತು ರಾಜಸ್ಥಾನ ತಂಡಗಳು ಎರಡು ವರ್ಷ ಹೊರಗೆ ಕುಳಿತವು.

ಈಗ ಭಾವ, ನಿಮ್ಮ ಮಾತಿಗೆ ಬರುತ್ತೇನೆ, ಬೇಸರಿಸಬೇಡಿ. 2015ರಲ್ಲಿ ದೆಹಲಿಯ ನ್ಯಾಯಾಲಯ ಶ್ರೀಶಾಂತ್‌ನನ್ನು ಪ್ರಕರಣದಿಂದ ಕೈಬಿಟ್ಟದ್ದು ನಿಜ. ಆದರೆ 2019ರಲ್ಲಿ ಸುಪ್ರೀಂ ಕೋರ್ಟ್ ಮಂಡಳಿಗೆ ಹೇಳಿದ್ದು, ಆಜೀವ ನಿಷೇಧ ಅತಿಯಾಯಿತು, ಶಿಕ್ಷೆಯ ಪ್ರಮಾಣವನ್ನು ಮತ್ತೆ ಪರಿಶೀಲಿಸಿ ಎಂದು. ಶಿಸ್ತು ಸಮಿತಿ ತಪ್ಪಿತಸ್ಥ ಎಂದದ್ದನ್ನು ಅದು ಅಳಿಸಲಿಲ್ಲ. ಶಿಕ್ಷೆ ಏಳು ವರ್ಷಕ್ಕೆ ಇಳಿಯಿತು. ಜೈಲಿಗೆ ಕಳಿಸಲು ಬೇಕಾದ ಪುರಾವೆಯೇ ಬೇರೆ, ಆಟದಿಂದ ಹೊರಗಿಡಲು ಬೇಕಾದದ್ದೇ ಬೇರೆ. ಹಾಗೆಂದು ಮಂಡಳಿ ಮನಸ್ಸಿಗೆ ಬಂದಂತೆ ಶಿಕ್ಷಿಸಿದರೂ ನಡೆಯುವುದಿಲ್ಲ. 99 ಟೆಸ್ಟ್ ಆಡಿದ್ದ ಭಾರತದ ಮಾಜಿ ನಾಯಕ ಅಜರುದ್ದೀನ್ ಮೇಲೆ 2000ದಲ್ಲಿ ಹೇರಿದ ಆಜೀವ ನಿಷೇಧ ಕಾನೂನಿನ ಪ್ರಕಾರ ನಿಲ್ಲುವುದಿಲ್ಲ ಎಂದು ಆಂಧ್ರ ಹೈಕೋರ್ಟ್ ಹೇಳಿದ್ದು 2012ರಲ್ಲಿ. ಆಗ ಅವರಿಗೆ 49 ವರ್ಷ. ನೂರನೆಯ ಟೆಸ್ಟ್ ಆಡಲು ಇನ್ನೆಲ್ಲಿ!

ನಮ್ಮ ಕರ್ನಾಟಕ ಪ್ರೀಮಿಯರ್ ಲೀಗ್, ಕೆಪಿಎಲ್ ಪ್ರಕರಣ ನೆನಪಿದೆಯಲ್ಲ? 2019ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ತಂಡದ ಮಾಲೀಕರೊಬ್ಬರನ್ನೂ ಆಟಗಾರರನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ಹೈಕೋರ್ಟ್ ಆ ದೋಷಾರೋಪ ಪಟ್ಟಿಗಳನ್ನು ರದ್ದುಮಾಡಿತು. ಫಿಕ್ಸಿಂಗ್ ನಡೆದಿದ್ದರೆ ಅದು ಅಪ್ರಾಮಾಣಿಕತೆ, ಅಶಿಸ್ತು, ಆದರೆ ಐಪಿಸಿ 420ನೇ ಕಲಮಿನ ವಂಚನೆ ಆಗುವುದಿಲ್ಲ, ಟಿಕೆಟ್ ಕೊಂಡವರು ಸ್ವಂತ ಇಚ್ಛೆಯಿಂದ ಕೊಂಡಿದ್ದಾರೆ, ಶಿಸ್ತುಕ್ರಮ ಬಿಸಿಸಿಐಗೆ ಬಿಟ್ಟದ್ದು ಎಂದಿತು. ಅವರು ತಪ್ಪು ಮಾಡಿದ್ದರೋ ಇಲ್ಲವೋ ಎಂಬುದರ ವಿಚಾರಣೆಯೇ ನಡೆಯಲಿಲ್ಲ. ಕಳಂಕ ಅಂಟಿದವರಿಗೆ ಅದನ್ನು ತೊಳೆದುಕೊಳ್ಳುವ ಅವಕಾಶವೂ ಸಿಗಲಿಲ್ಲ. ಫಿಕ್ಸಿಂಗನ್ನೇ ಅಪರಾಧವೆಂದು ಮಾಡಿ ಎಂದು ಕಾನೂನು ಆಯೋಗ 2018ರಲ್ಲೇ ಶಿಫಾರಸು ಮಾಡಿತ್ತು. ಶ್ರೀಲಂಕಾ 2019ರಲ್ಲಿ ಅಂಥ ಕಾನೂನು ತಂದೇಬಿಟ್ಟಿತು, ಗರಿಷ್ಠ ಹತ್ತು ವರ್ಷ ಜೈಲು. ಇನ್ನು ನಮ್ಮ ವೇಗ ಕೇಳಿ: ಕ್ರೋನಿಯೆ ಪ್ರಕರಣದ ಆರೋಪಿ ಬುಕ್ಕಿಯನ್ನು ಲಂಡನ್ನಿನಿಂದ ದೆಹಲಿಗೆ ಕರೆತಂದದ್ದು 2020ರಲ್ಲಿ. ಅಷ್ಟರಲ್ಲಿ ಕ್ರೋನಿಯೆ ವಿಮಾನ ಅಪಘಾತದಲ್ಲಿ ಸತ್ತು ಹದಿನೇಳು ವರ್ಷ ಕಳೆದಿತ್ತು.

ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿ ಮಾಡಿದ್ದರಲ್ಲಿ ನನಗೆ ನಿಜವಾಗಿ ಮೆಚ್ಚುಗೆಯಾಗುವುದು ಒಂದೇ ನಿಯಮ: ಯಾರಾದರೂ ಆಮಿಷ ಒಡ್ಡಿದರೆ, ನೀನು ಒಪ್ಪದಿದ್ದರೂ, ತಡಮಾಡದೆ ಭ್ರಷ್ಟಾಚಾರ ನಿಗ್ರಹ ಅಧಿಕಾರಿಗೆ ತಿಳಿಸಲೇಬೇಕು. ಬಾಂಗ್ಲಾದೇಶದ ಶಕೀಬ್ ಅಲ್ ಹಸನ್‌ಗೆ 2019ರಲ್ಲಿ ಎರಡು ವರ್ಷದ ನಿಷೇಧ ಬಿದ್ದದ್ದು ಹಣ ಪಡೆದದ್ದಕ್ಕಲ್ಲ, ಬಂದ ಸಂದೇಶಗಳನ್ನು ಹೇಳದೆ ಇದ್ದದ್ದಕ್ಕೆ. ಅದರಲ್ಲಿ ಒಂದು ವರ್ಷದ ಶಿಕ್ಷೆಯನ್ನು ಜಾರಿ ಮಾಡದೆ ಅಮಾನತಿನಲ್ಲಿಟ್ಟರು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ನಮ್ಮ ದೊಡ್ಡಮ್ಮನ ಮೊಮ್ಮಗ. ಹುಡುಗ ಈ ಸಲ ಲೀಗ್ ತಂಡಕ್ಕೆ ಆಯ್ಕೆಯಾಗಿದ್ದಾನೆ. ಬುಕ್ಕಿಗಳು ನೋಬಾಲ್ ಹಾಕು ಎಂದು ಬಾಗಿಲು ತಟ್ಟುವುದಿಲ್ಲ. ಅಭಿಮಾನಿ ಎಂದು ಪರಿಚಯವಾಗುತ್ತಾರೆ, ಬ್ಯಾಟು ಕೊಡಿಸುತ್ತೇನೆ ಎನ್ನುತ್ತಾರೆ, ನಾಳೆ ಆಡುವ ಹನ್ನೊಂದು ಜನರಲ್ಲಿ ಯಾರಿದ್ದಾರೆ ಎಂದು ಸುಮ್ಮನೆ ಕೇಳಿದಂತೆ ಕೇಳುತ್ತಾರೆ. ಅಂಥ ಸಂದೇಶ ಬಂದರೆ ಅವನು ಅಳಿಸಬಾರದು, ಉತ್ತರವನ್ನೂ ಕೊಡಬಾರದು, ಅದೇ ದಿನ ಅಧಿಕಾರಿಗೆ ತೋರಿಸಬೇಕು. ಆ ಅಧಿಕಾರಿಯ ಫೋನ್ ನಂಬರ್ ಅವನ ಬಳಿ ಇದೆಯೇ ಎಂದು ದೊಡ್ಡಮ್ಮ ಇವತ್ತೇ ಕೇಳಿ ತಿಳಿಸಲಿ. ಇಲ್ಲದಿದ್ದರೆ ತಂಡದ ಮ್ಯಾನೇಜರ್ ಹತ್ತಿರ ನಾನೇ ಮಾತಾಡುತ್ತೇನೆ.